ಹೆಸರು ಕೇಳದೆ ಕೊಟ್ಟ ನೀರು

ಮೊದಲು ಬಾತದ್ದು ನಮ್ಮ ಯಜಮಾನರ ಪಾದ. ಮುಂಜಾನೆ ಚಪ್ಪಲಿ ಮೆಟ್ಟಲು ಹೋದವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಏ ಇವಳ, ಚಪ್ಪಲಿ ಯಾಕ ಸಣ್ಣವಾದ್ವು?"

"ಚಪ್ಪಲಿ ಎಲ್ಲಿ ಸಣ್ಣಾಗ್ತಾವ್ರಿ? ನಿಮ್ಮ ಕಾಲ ದೊಡ್ಡವಾಗ್ಯಾವು," ಎಂದು ನಕ್ಕೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದ ಕುಳಿ ಹಾಗೇ ಉಳಿಯಿತು.

ನಗು ನಿಂತಿತು.

ನಮ್ಮ ಮನೆ ಇಳಕಲ್‌ನಿಂದ ಹುನಗುಂದಕ್ಕೆ ಹೋಗುವ ದಾರಿಯ ಮಗ್ಗುಲಿಗಿದೆ. ಸುತ್ತಲೂ ಕೆಂಪು ಗ್ರಾನೈಟ್. ನಮ್ಮ ಯಜಮಾನರು ಸಂಗಪ್ಪ ಅದೇ ಕಲ್ಲಿಗೆ ಪಾಲಿಶ್ ಹಾಕಿ ಸಂಸಾರ ನಡೆಸಿದವರು. ಬಾವಿ ಬತ್ತಿದಾಗ ಬೋರ್ ಹೊಡೆಸಿದರು. ನೀರು ಕಾಣಲಿಲ್ಲ. ಇನ್ನೂ ಕೆಳಗಿಳಿಸಿದರು, ಬಂಡೆ ಸೀಳಿಕೊಂಡು ಕನ್ನಡಿಯಂಥ ಸಿಹಿನೀರು ಬಂತು. ಅವತ್ತೇ ಬೇವಿನ ಗಿಡದ ಕೆಳಗೆ ಗಡಿಗೆ ಇಟ್ಟು ಅರವಟ್ಟಿಗೆ ಶುರು ಮಾಡಿದರು. ಲಾರಿಯವರು, ಸಂಗಮಕ್ಕೆ ನಡೆದು ಹೋಗುವ ಭಕ್ತರು, ಯಾರೇ ಬರಲಿ, ಕೈಯಾರೆ ನೀರು ಕೊಡುವರು. ಯಾರು, ಯಾವ ಊರು ಎಂದು ಕೇಳುವಂತಿಲ್ಲ. ಒಬ್ಬರಿಗಾದರೂ ಕೊಟ್ಟ ಮೇಲೆಯೇ ತಾವು ಮೊದಲ ಗುಟುಕು ಕುಡಿಯುವುದು. ದಾಸೋಹ ಎಂದರೆ ಅವರಿಗೆ ಇಷ್ಟೇ.

ದಿನಾ ಮೊದಲು ಬರುವವನು ಕುರಿ ಮೇಯಿಸುವ ಮಾಳಪ್ಪ.

"ನಾ ಬರಲಿಲ್ಲಂದ್ರ ನೀ ನೀರಡಿಸಿ ಸಾಯ್ತೀ ನೋಡು, ಯಜಮಾನ."

"ಅದಕ್ಕ ಜಲ್ದಿ ಬಾ ಲೇ."

ಕಾಲು ಬಾತದ್ದನ್ನು ತೋರಿಸಲು ಬಾಗಲಕೋಟೆಯ ಆಸ್ಪತ್ರೆಗೆ ಹೋದೆವು. ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು. ಎರಡೂ ಕಿಡ್ನಿ ಸೋತಿದ್ದವು. ಡಯಾಲಿಸಿಸ್ ಬೇಕೆಂದರು. ಡಾಕ್ಟರು ಕುಡಿಯುವ ನೀರು ಎಲ್ಲಿಯದೆಂದು ಕೇಳಿದರು.

"ನಮ್ಮ ಬೋರಿಂದ್ರಿ. ಅಮೃತ ಐತಿ," ಅಂದರು ಇವರು.

ಅಮೃತವನ್ನು ಪರೀಕ್ಷೆಗೆ ಕಳಿಸಿದೆವು. ರಿಪೋರ್ಟ್ ಬಂತು.

ಯುರೇನಿಯಂ.

ಅದು ಬಾಂಬು ಮಾಡುವವರ ಮಾತು ಎಂದುಕೊಂಡಿದ್ದೆ ನಾನು. "ಕಲ್ಲಿನ್ಯಾಗ ಇರತೈತ್ರಿ. ಆಳದ ನೀರಿಗೆ ಇಳೀತೈತಿ. ವಿಕಿರಣ ಇರೋ ಲೋಹ ಅದು, ಕಿಡ್ನಿಗೂ ವಿಷ," ಅಂದರು ಡಾಕ್ಟರು. "ಇದೊಂದರಿಂದನ ಹಿಂಗಾತು ಅನ್ನಂಗಿಲ್ಲ, ನಿಮಗ ಬಿಪಿನೂ ಐತಿ. ಆದರ ಈ ನೀರು ಇನ್ನ ಯಾರೂ ಕುಡೀಬಾರದು."

"ಕಾಸಿ ಕೊಟ್ರ?" ಇವರ ದನಿ ಸಣ್ಣದಾಗಿತ್ತು.

"ಕಾಸಿದ್ರ ನೀರು ಆವಿ ಆಗತೈತಿ, ಅದು ಅಲ್ಲೇ ಉಳೀತೈತ್ರಿ. ಇನ್ನಷ್ಟು ಗಟ್ಟಿ ಆಗತೈತಿ."

ಇವರು ತಮ್ಮ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದವರು ಒಮ್ಮೆಲೇ ನನ್ನ ಕಡೆ ತಿರುಗಿದರು.

"ಎಷ್ಟ ಮಂದಿಗೆ ಕುಡಿಸೀನೇ ನಾ?"

ಮನೆಗೆ ಬಂದವರೇ ಗಡಿಗೆ ಬೋರಲು ಹಾಕಿದರು.

ಮರುದಿನ ಮಾಳಪ್ಪ ಬಂದ. "ನೀರು ತಾ ಯಜಮಾನ."

"ಇಲ್ಲ."

ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಎಲ್ಲ ಹೇಳಿದರು. ಅವನ ಕೈ ಹಿಡಿದುಕೊಂಡು, "ರಕ್ತ ತೋರಿಸ್ಕೊ ಲೇ," ಅಂದರು. ಮಾಳಪ್ಪ ಕೈ ಕೊಸರಿಕೊಂಡ. "ಸೂಜಿ ಅಂದ್ರ ಅಂಜಿಕಿ ನನಗ. ಬೇಕಾದ್ರ ಕುರಿಗೆ ಚುಚ್ಚಿಸ್ತೇನಿ."

ಡಾಕ್ಟರು ಇವರ ನೀರಿಗೆ ಕಡಿವಾಣ ಹಾಕಿದ್ದರು. ದಾರಿಗೆಲ್ಲ ನೀರು ಹಂಚಿದ ಮನುಷ್ಯನಿಗೆ ಈಗ ಹೊತ್ತಿಗೆ ಪೇಟೆಯಿಂದ ತಂದ ನೀರು ಅರ್ಧ ಲೋಟ; ಮೇಲೆ ಕುಡಿದರೆ ಹೊರಗೆ ಹೋಗದ ನೀರು ಕಾಲಿಗೆ, ಎದೆಗೆ ತುಂಬಿಕೊಂಡು ಉಸಿರು ಕಟ್ಟುತ್ತಿತ್ತು. ಒಣಗಿದ ತುಟಿಗೆ ನಾನು ಒದ್ದೆ ಅರಿವೆ ಒತ್ತುತ್ತಿದ್ದೆ. ಆ ಅರ್ಧ ಲೋಟವನ್ನು ಅವರು ಮಾಳಪ್ಪನ ಮುಂದೆ ನೆಲಕ್ಕಿಟ್ಟರು.

"ನೀ ತೋರಿಸ್ಕೊಳ್ಳೋ ತನಕಾ ನಾ ಮುಟ್ಟಂಗಿಲ್ಲ."

"ಎಂಥಾ ಹಟಮಾರಿ ಇದ್ದಾನವ್ವಾ ನಿನ್ನ ಗಂಡ!" ಎಂದು ಮಾಳಪ್ಪ ನನ್ನ ಮೇಲೆ ಹರಿಹಾಯ್ದ. ಲೋಟ ನೋಡಿದ. ಇವರ ತುಟಿ ನೋಡಿದ. ತನ್ನ ದೇವರು ಬೀರಪ್ಪನ ಮೇಲೆ ಆಣೆ ಮಾಡಿ, ಲೋಟ ಎತ್ತಿ ಇವರ ಬಾಯಿಗೆ ಹಿಡಿದ.

ಡಯಾಲಿಸಿಸ್‌ಗೆ ಹೊರಟ ದಿನ ನಮ್ಮ ಜೊತೆ ಬಂದ. ಸೂಜಿ ಚುಚ್ಚುವಾಗ ಬೀರಪ್ಪನನ್ನು ಕೂಗಿದ್ದು ವಾರ್ಡಿಗೆಲ್ಲ ಕೇಳಿಸಿತು. ನನ್ನವುಗಳಂತೆ ಅವನ ಕಿಡ್ನಿಯೂ ಸದ್ಯಕ್ಕೆ ಚೆನ್ನಾಗಿವೆ, ಮತ್ತೆ ತೋರಿಸುತ್ತಿರಬೇಕು ಅಂದರು. ಮಷೀನಿನ ಪಕ್ಕ ಮಲಗಿದ್ದ ಇವರಿಗೆ ಹೇಳಿದೆ. ಮುಖ ಗೋಡೆಗೆ ತಿರುಗಿಸಿಕೊಂಡರು. ಹೆಗಲು ಅಲುಗುತ್ತಿತ್ತು.

ಸಿಕ್ಕವನು ಅವನೊಬ್ಬ. ಉಳಿದವರನ್ನು ಎಲ್ಲಿ ಹುಡುಕುವುದು? ಹೆಸರು ಕೇಳದೆ ಕೊಟ್ಟಿದ್ದೆವು.

ಈಗ ಕುಡಿಯಬಾರದೆಂಬ ಗುರುತಿಗೆ ಬೋರಿಗೆ ಕೆಂಪು ಬಣ್ಣ ಬಳಿದಿದ್ದೇವೆ. ಗಡಿಗೆಗೆ ಪೇಟೆಯಿಂದ ನದಿಯ ನೀರು ಕ್ಯಾನಿನಲ್ಲಿ ಬರುತ್ತದೆ. ಇವರು ಬೇವಿನ ಕೆಳಗೆ ಹೊರಸಿನ ಮೇಲೆ ಕುಳಿತಿರುತ್ತಾರೆ. ಯಾರು ಬಂದರೂ ಮೊದಲು ಮುಖ ದಿಟ್ಟಿಸಿ, "ಈ ಮೊದಲ ಇಲ್ಲಿ ನೀರು ಕುಡಿದೀರೇನ್ರಿ?" ಎಂದು ಕೇಳುತ್ತಾರೆ. ಹೌದೆಂದರೆ ಕೂಡ್ರಿಸಿ ಎಲ್ಲ ಹೇಳುತ್ತಾರೆ. ಕೆಲವರು ಹೆದರುತ್ತಾರೆ, ಕೆಲವರು ಬೈದು ಹೋಗುತ್ತಾರೆ. ಇವರು ಬೈಸಿಕೊಳ್ಳುತ್ತಾರೆ.

ಇವತ್ತು ಮುಂಜಾನೆಯೂ ಮಾಳಪ್ಪ ಬಂದ. ಗಟಗಟ ಕುಡಿದು ಮೀಸೆ ಒರೆಸಿಕೊಂಡ. ಆಮೇಲೆ ತಾನೇ ಅರ್ಧ ಲೋಟ ಬಗ್ಗಿಸಿ ಕೊಟ್ಟ.

"ಈಗ ನಿನ್ನ ಪಾಳಿ, ಯಜಮಾನ. ಸಾವಕಾಶ."

ಇವರು ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನುಂಗದೆ, ಹಿಂದೆ ಕುಡಿದು ಹೋದವರ ದಾರಿ ನೋಡುತ್ತ ಕುಳಿತರು.