ಅರ್ಷಿಯಾಳ ಹೂವಿನ ಹುಚ್ಚು

ಬೆಳಗಿನ ನಮಾಜ್ ಮುಗಿಸಿ, ಮೊಬೈಲಿನ ಕ್ಯಾಮರಾವನ್ನು ದುಪಟ್ಟಾದ ಅಂಚಿನಿಂದ ಒರೆಸದೆ ನ್ಯಾಮತಿಯ ಟೈಲರ್ ಅರ್ಷಿಯಾ ಹೊಸ್ತಿಲು ದಾಟಿದವಳಲ್ಲ. ಯಾರ ಬೇಲಿಯಲ್ಲಿ ಏನು ಅರಳಿದರೂ ಇವಳಿಗೆ ಹಬ್ಬ. ಚರಂಡಿ ಪಕ್ಕವೇ ಆಗಲಿ, ಮೊಣಕಾಲೂರಿ, ಉಸಿರು ಬಿಗಿಹಿಡಿದು ಮೊಬೈಲನ್ನು ಹೂವಿನ ಮುಖಕ್ಕೆ ಹಿಡಿಯುತ್ತಾಳೆ, ಹಾರ್ನ್ ಹೊಡೆದ ಬೈಕಿನವನಿಗೆ, "ಹೂವು ಬೆದರ್ತೈತೆ, ಸುಮ್ಕೆ ಹೋಗಪ್ಪಾ!" ಎಂದು ಗದರುತ್ತಾಳೆ. ಸಾಸಿವೆಯಷ್ಟು ಹೂವು ಪರದೆಯಲ್ಲಿ ಅಂಗೈಯಷ್ಟಾದರೆ ಅಲ್ಲೇ ಕುಣಿದುಬಿಡುತ್ತಾಳೆ. ಕಣ್ಣು ಮಂಜಾಗುತ್ತಿರುವ ಅವಳ ಅಮ್ಮಿಗೆ ಈಗ ಅಷ್ಟು ದೊಡ್ಡದಾದರೆ ಮಾತ್ರ ಹೂವು ಕಾಣುತ್ತದೆ. ಕಂಡ ದಿನ ಅಮ್ಮಿ ರೊಟ್ಟಿ ಒಂದು ಹೆಚ್ಚಿಗೆ ತಿನ್ನುತ್ತಾರೆ. ನಿನ್ನೆ ತಮ್ಮ ಅಂಗಳದ ಗೋರಂಟಿ ಗಿಡಕ್ಕೆ ಬಾಗಿ ನಿಂತಿದ್ದವಳನ್ನು ಕಂಡು ನೆರೆಮನೆಯ ಶಾಂತಾದೇವಿ, "ಯಾಕವ್ವಾ ಇಷ್ಟು ಒದ್ದಾಟ? ಬೊಗಸೆ ತುಂಬ ಕಿತ್ತು ಕೊಡ್ತೀನಿ, ಅಮ್ಮಿಗೆ ಒಯ್ಯಿ" ಎಂದರು. ಅರ್ಷಿಯಾ ತಲೆ ಎತ್ತದೆ ಪಿಸುಗುಟ್ಟಿದಳು: "ಬ್ಯಾಡ್ರೀ ಅಕ್ಕಾ, ಗಿಡದಾಗೇ ಇರ್ಲಿ. ಇವತ್ತು ಅಮ್ಮಿಗೆ ದುಂಬಿ ಮೀಸೆ ನೋಡಬೇಕಂತೆ!"