ಅಮ್ಮನ ಸೊಂಟಕ್ಕೆ ಮೂರು ಕೊಟೇಶನ್

ಅಮ್ಮನ ಸೊಂಟದ ಮೂಳೆಗೆ ರಾಡ್ ಹಾಕಿಸಲು ಎರಡು ಲಕ್ಷ ಅರವತ್ತು ಸಾವಿರ ಆಯಿತು. ಮೊದಲ ದಿನವೇ ಒಪ್ಪಿದ್ದರೆ ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಮುಗಿಯುತ್ತಿತ್ತು. ಉಳಿದದ್ದು ನನ್ನ ಜಾಣತನದ ಬೆಲೆ.

ಪಂಪ್‌ವೆಲ್‌ನಲ್ಲಿ ನನ್ನದು ಟೈಲ್ಸ್ ಅಂಗಡಿ. ಸಿಮೆಂಟ್ ಚೀಲ ಹೊತ್ತು ಮೇಲೆ ಬಂದವನು. ಹೇಳಿದ ಬೆಲೆಗೆ ಸೂಜಿಯನ್ನೂ ಕೊಂಡವನಲ್ಲ. ಎದ್ದು ಹೊರಟುಬಿಡುವುದೇ ನನ್ನ ದೊಡ್ಡ ಅಸ್ತ್ರ. ಗಿರಾಕಿ ಮೆಟ್ಟಿಲಿಳಿದರೆ ಅಂಗಡಿಯವನು ಕರೆದೇ ಕರೆಯುತ್ತಾನೆ.

ಎಪ್ಪತ್ತೆಂಟರ ಅಮ್ಮ ಜಾರಿದ್ದು ಶಕ್ತಿನಗರದ ನಮ್ಮ ಮನೆಯ ಬಚ್ಚಲಿನಲ್ಲಿ, ಅಂಗಡಿಯಲ್ಲಿ ಉಳಿದುಹೋದವೆಂದು ನಾನೇ ಹಾಕಿಸಿದ್ದ ನುಣುಪು ಟೈಲ್ಸ್ ಮೇಲೆ. ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಸಿದರೆ ಸೊಂಟದ ಮೂಳೆ ಮುರಿದಿತ್ತು; ಅವಳನ್ನು ಮನೆಯಲ್ಲಿ ಮಲಗಿಸಿ, ನಾನು ಆಸ್ಪತ್ರೆಗಳ ದರ ವಿಚಾರಿಸಲು ಹೊರಟೆ.

ಮೊದಲ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ ಒಂದು ಎಂಬತ್ತು ಎಂದರು. “ಲಾಸ್ಟ್ ಎಷ್ಟು ಡಾಕ್ಟ್ರೇ?” ಎಂದೆ.

“ಇದೇ ಲಾಸ್ಟ್. ಮೂಳೆ ಟೊಳ್ಳಾಗಿ ಉಂಟು. ಇವತ್ತೇ ಕರ್ಕೊಂಡು ಬನ್ನಿ, ನಾಳೆ ಆಪರೇಷನ್ ಮಾಡ್ತೇನೆ, ನಾಡಿದ್ದು ಎದ್ದು ನಿಲ್ಲಿಸ್ತೇನೆ. ಈ ಪ್ರಾಯದವರನ್ನು ಮಲಗಿಸಿ ಇಡಬಾರದು.”

ನಾನು ಎದ್ದೆ. ಮೆಟ್ಟಿಲನ್ನು ಆದಷ್ಟು ನಿಧಾನವಾಗಿ ಇಳಿದೆ. ಯಾರೂ ಕರೆಯಲಿಲ್ಲ.

ಎರಡನೆಯ ಆಸ್ಪತ್ರೆ ಹೆಚ್ಚು ಹೇಳಿತು. ಮೂರನೆಯದು ಮೊದಲಿನದಕ್ಕಿಂತ ಹತ್ತು ಸಾವಿರ ಕಡಿಮೆ, ಆದರೆ ಡಾಕ್ಟರು ಬರುವುದು ಸೋಮವಾರ. ಗೆದ್ದವನಂತೆ ಮನೆಗೆ ಬಂದೆ. ಅಷ್ಟರಲ್ಲಿ ಎರಡು ದಿನ ಕಳೆದಿತ್ತು.

“ಎಂತ ಮಗ, ನನ್ನ ಕಾಲಿಗೆ ಟೆಂಡರ್ ಕರೆದಿದ್ದೀಯಾ?” ಎಂದಳು ಅಮ್ಮ. ಮಾತಿನ ನಡುವೆ ಕೆಮ್ಮಿತ್ತು.

ಮರುದಿನ ಬೆಳಿಗ್ಗೆ ಅವಳ ಎದೆ ಗೊರಗೊರ ಎನ್ನತೊಡಗಿತು. ಆಂಬ್ಯುಲೆನ್ಸ್‌ನಲ್ಲಿ ಮೊದಲಿನ ಆಸ್ಪತ್ರೆಗೇ ಓಡಿದೆ. ಮಲಗಿದಲ್ಲೇ ಇದ್ದು ಶ್ವಾಸಕೋಶದಲ್ಲಿ ಕಫ ಕಟ್ಟಿದೆ, ಹೀಗಿರುವಾಗ ಅರಿವಳಿಕೆ ಕೊಟ್ಟರೆ ಜೀವಕ್ಕೇ ಅಪಾಯ ಎಂದು ಐಸಿಯುಗೆ ಹಾಕಿದರು.

ನಾನು ದರ ವಿಚಾರಿಸಿ ಅಲೆದದ್ದನ್ನೆಲ್ಲ ಕೇಳಿದ ಡಾಕ್ಟರು ಮೆತ್ತಗೆ ಹೇಳಿದರು: “ಆ ಹತ್ತು ಸಾವಿರ ನಾನು ಬಿಡ್ತೇನೆ. ಮಲಗಿಸಿದ ಎರಡು ದಿನ ನೀವು ವಾಪಸ್ ಕೊಡ್ತೀರಾ?”

ನಾಲ್ಕು ದಿನ ಐಸಿಯು ಹೊರಗಿನ ಬೆಂಚಿನಲ್ಲಿ ಕೂತೆ. ಅಮ್ಮ ಹೊರಗೆ ಬರುತ್ತಾಳೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ.

ಬಂದಳು. ಐದನೆಯ ದಿನ ರಾಡ್ ಕೂತಿತು. ಮರುದಿನವೇ ನಡೆಸಲು ಬಂದ ಹುಡುಗಿ “ಹತ್ತು ಹೆಜ್ಜೆ ಅಜ್ಜಿ” ಎಂದರೆ, “ನಾಲ್ಕು ಸಾಕು ಮಾರಾಯ್ತಿ” ಎಂದಳು ಅಮ್ಮ. ಆರಕ್ಕೆ ಇತ್ಯರ್ಥವಾಯಿತು. ಈ ವಿದ್ಯೆ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಮೊದಲು ರಸ್ತೆ ತುದಿಯ ಅಂಗಡಿಗೆ ಹೋಗುತ್ತಿದ್ದವಳು ಈಗ ವಾಕರ್ ಹಿಡಿದು ಗೇಟಿನವರೆಗೆ ಹೋಗುತ್ತಾಳೆ. ಉಳಿದ ದೂರ ನನ್ನ ಲೆಕ್ಕಕ್ಕೆ.

ಹಾಗಾಗಿ ಕೇಳಿ. ಮನೆಯ ಹಿರಿಯರು ಬಿದ್ದು ಸೊಂಟ ಮುರಿದರೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಆಪರೇಷನ್ ಯಾವಾಗ ಎಂದು ಮೊದಲು ಕೇಳಿ, ಎಷ್ಟು ಎಂದು ಆಮೇಲೆ. ಬಿಲ್ಲಿನ ಚೌಕಾಸಿಯನ್ನು ಡಿಸ್ಚಾರ್ಜ್ ದಿನವೂ ಮಾಡಬಹುದು, ನಾನು ಮಾಡಿದೆ. ಮುಂದೆ ಇನ್ನೊಂದು ಮೂಳೆ ಮುರಿಯದಂತೆ ಔಷಧಿ ಬೇಕೇ ಎಂದು ಕೇಳದೆ ಮನೆಗೆ ಬರಬೇಡಿ. ಬಚ್ಚಲಿಗೆ ಒರಟು ಟೈಲ್ಸ್ ಹಾಕಿಸಿ. ಅಂಗಡಿಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ; ನೀವು ಮೆಟ್ಟಿಲಿಳಿದರೆ ನಾವು ಕರೆಯುತ್ತೇವೆ.