ಈರಣ್ಣ ಕಾಕಾ ಕುದಿಸದೆ ಬಿಟ್ಟ ಬಟ್ಟೆ

ಈರಣ್ಣ ಕಾಕಾ ಗಂಡಸರೊಂದಿಗೆ ಮಾತಿಗೆ ನಿಂತರೆ ಅವರ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಲೇ ಮಾತಾಡುವರು. ಹೆಂಗಸರಾದರೆ ದೂರದಲ್ಲೇ ನಿಂತು ಸೀರೆಯ ಅಂಚನ್ನು ದಿಟ್ಟಿಸಿ, "ಅಪ್ಪಟ ಹತ್ತೀದೇನವಾ?" ಎಂದು ಕೇಳುವರು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ನನಗೆ, ಇವರು ಜವಳಿ ವ್ಯಾಪಾರಿ ಇರಬೇಕು ಅನಿಸಿತ್ತು. ಗದಗಿನ ಕಡೆಯವರು, ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ಆಯಸ್ಸು ಕಳೆದು ನಿವೃತ್ತರಾದವರು, ಈಗ ಬಾಲ್ಕನಿಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಬಟ್ಟೆಯಿಂದ ಫೌಂಟನ್ ಪೆನ್ನು ಮಾಡುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಬಟ್ಟೆಯಿಂದ ಪೆನ್ನೇ ಎಂದು ನಾನು ನಕ್ಕೆ. ಅವರಿಗೆ ಸಿಟ್ಟು ಬಂತು. "ನಗಬ್ಯಾಡ ತಂಗಿ. ಕಬ್ಬಿಣ ಒತ್ತೋ ರೋಲ್ ಇರ್ತಾವಲ್ಲ, ಅವುಗಳ ಬೇರಿಂಗ್ ಸೈತ ಅರಿವಿ, ರೆಸಿನ್ ಕೂಡಿಸಿ ಮಾಡಿದ್ದು. ಅಷ್ಟು ಭಾರ ಹೊರೋ ಅರಿವಿ ನಿನ್ನ ಸಹಿ ಹೊರಂಗಿಲ್ಲೇನು?" ಎಂದರು. ಮರುದಿನ ಕರೆದು ಎಲ್ಲವನ್ನೂ ತೋರಿಸಿದರು. ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದೊಂದಕ್ಕೂ ರೆಸಿನ್ ಎಂಬ ಅಂಟು ಕುಡಿಸಿ, ಒಂದರ ಮೇಲೊಂದು ಪೇರಿಸಿ, ಎರಡು ಕಬ್ಬಿಣದ ಹಲಗೆಗಳ ನಡುವೆ ಬಿಗಿದು ಬಿಡುವರು. ಅದು ಗಟ್ಟಿಯಾದಾಗ ಮರದ ತುಂಡಿನ ಹಾಗೆ ಕಾಣುವುದು. ಲೇತ್‌ಗೆ ಕೊಟ್ಟು ಕೊರೆದು ನುಣುಪು ಮಾಡುತ್ತಿದ್ದಂತೆ ಬಟ್ಟೆಯ ಪದರಗಳು ಸಣ್ಣ ಗೆರೆಗಳಾಗಿ ಮೇಲೆ ಬರುವುವು. ನಿಬ್ಬು ಮಾತ್ರ ಅಂಗಡಿಯದು.

ಆದರೆ ಇದೆಲ್ಲಕ್ಕೂ ಮೊದಲು ಬಟ್ಟೆಯನ್ನು ಸೋಡಾ ನೀರಲ್ಲಿ ಕುದಿಸಬೇಕಿತ್ತು. ಅದರಲ್ಲಿ ಅವರು ಯಾರ ಮುಲಾಜೂ ನೋಡುತ್ತಿರಲಿಲ್ಲ. ಗಂಜಿಯೋ ಎಣ್ಣೆಯೋ ಎಳ್ಳಷ್ಟು ಉಳಿದರೂ ರೆಸಿನ್ ಒಳಗೆ ಇಳಿಯುವುದಿಲ್ಲ, ಪದರ ಹಿಡಿಯುವುದಿಲ್ಲ. ಹೆಂಡತಿ ಗಿರಿಜಾ ಕಾಕು ಅನ್ನದ ಪಾತ್ರೆಗಳನ್ನು ಅವರಿಂದ ಬಚ್ಚಿಡುತ್ತಿದ್ದರು. ನಾನು ಆಸೆಪಟ್ಟು ಕೊಟ್ಟ, ಗಂಜಿ ಹಾಕಿದ ಕಾಟನ್ ದುಪಟ್ಟಾವನ್ನು ಅವರು ಬಾಗಿಲಲ್ಲೇ ವಾಪಸು ಕೊಟ್ಟರು. "ಬಡಬಡ ಸಪ್ಪಳ ಮಾಡ್ತೈತಿ ಇದು. ಪೆನ್ ಮಾಡ್ಲಿಕ್ಕೆ ಕೊಟ್ಟೀಯೋ, ಹಪ್ಪಳ ಮಾಡ್ಲಿಕ್ಕೆ ಕೊಟ್ಟೀಯೋ?"

ಅವರಿಗೆ ಲೇತ್ ಕಲಿಸಿದವರು ಸತ್ಯಂ ಮಾಸ್ತರು ಎಂಬ ತೆಲುಗರು. ತೆಲುಗಿನ ಗಂಧವಿಲ್ಲದೆ ಬಂದ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನ ಕೈ ಮೇಲೆ ತಮ್ಮ ಕೈ ಇಟ್ಟು ಕೆಲಸ ಕಲಿಸಿದ್ದರಂತೆ. ನಿವೃತ್ತಿಯ ನಂತರ ತಮ್ಮ ಊರು ವಿಜಯವಾಡಕ್ಕೆ ಹೋಗಿ, ಅಲ್ಲೂ ಬಾಡಿಗೆಯ ಷೆಡ್ಡಿನಲ್ಲಿ ಲೇತ್ ನಡೆಸಿ, ಅಲ್ಲೇ ತೀರಿಕೊಂಡರು. ವರ್ಷ ಕಳೆದ ಮೇಲೆ ಅಲ್ಲೇ ಇದ್ದ ಅವರ ಮಗಳು ಲಕ್ಷ್ಮಿ ಒಂದು ಟವೆಲು ಕಳಿಸಿ, ನಾನ್ನನ, ಅಂದರೆ ಅಪ್ಪನ, ನೆನಪಿಗೆ ಇದರಲ್ಲೊಂದು ಪೆನ್ನು ಮಾಡಿಕೊಡಿ ಬಾಬಾಯ್ ಎಂದು ಚಿಕ್ಕಪ್ಪನನ್ನು ಕೇಳುವ ಸಲುಗೆಯಲ್ಲಿ ಕೇಳಿದಳು. ಮಾಸ್ತರ ಬಟ್ಟೆಯೆಂದು ಉಳಿದಿದ್ದು ಅದೊಂದೇ.

ಕಾಕಾ ಅದನ್ನು ಮಡಿಲ ಮೇಲೆ ಹರವಿಕೊಂಡು ನೋಡಿದರು. ತುಂಬ ಕಪ್ಪು ಎಣ್ಣೆಯ ಕಲೆ. ಕಾಕು ಒಲೆಯ ಮೇಲೆ ನೀರಿಟ್ಟು ಕರೆದರು. ಕಾಕಾ ಎದ್ದು ಹೋಗಿ ಒಲೆ ಆರಿಸಿದರು.

"ಇದು ಮಾಸ್ತರ ಕೈ ಒರಿಸಿಕೊಂಡ ಎಣ್ಣಿ. ಇದನ್ನ ಒಗದ್ರ ಆ ಹುಡುಗಿಗೆ ಏನ ಕೊಟ್ಟಂಗಾತು? ಬಜಾರದಾಗಿನ ಟವೆಲ್ ಕೊಟ್ಟಂಗ."

"ಅಲ್ಲ ಕಾಕಾ, ಪದರ ಹಿಡಿಯಲ್ಲ ಅಂತ ನೀವೇ ಹೇಳ್ತೀರಲ್ಲ" ಎಂದೆ.

"ಹಿಡಸ್ತೀನಿ ಬಿಡು."

ಪೆನ್ನು ಆಯಿತು, ಅವರು ಮಾಡಿದ್ದರಲ್ಲೇ ಚೆಂದದ್ದು. ಬ್ಯಾಂಕಿನ ಕೆಲಸಕ್ಕೆ ನಾನು ವಿಜಯವಾಡಕ್ಕೆ ಹೊರಟಿದ್ದೆ; ಕಾಕಾ ಜೊತೆಗೆ ಬಂದರು. ರೈಲಿನಲ್ಲಿ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ. ಲಕ್ಷ್ಮಿ ಅದನ್ನು ಕಣ್ಣಿಗೊತ್ತಿಕೊಂಡಳು. ಮುಚ್ಚಳ ತೆಗೆದು, ತನ್ನ ಹೆಸರು ಬರೆದು, ಮತ್ತೆ ಮುಚ್ಚಳ ತಿರುಗಿಸಿ ಬಿಗಿ ಮಾಡುವಾಗ ಪೆನ್ನಿನ ಮೈ ಚಿರೋಟಿಯ ಹಾಗೆ ಪದರ ಪದರ ಬಿಟ್ಟುಕೊಂಡಿತು. ಶಾಯಿ ಅವಳ ಸೀರೆಗೆಲ್ಲ ಆಯಿತು.

"ಪರ್ವಾಲೇದು ಬಾಬಾಯ್, ಪರ್ವಾಲೇದು" ಎಂದಳು ಅವಳು. ಬೈದಿದ್ದರೆ ಕಾಕಾ ತಡೆದುಕೊಳ್ಳುತ್ತಿದ್ದರೇನೋ. ಚೂರುಗಳನ್ನು ಕರವಸ್ತ್ರದಲ್ಲಿ ಆಯ್ದುಕೊಂಡು, ಕೈ ತೊಳೆಯುತ್ತೇನೆಂದು ಹಿತ್ತಲಿಗೆ ಹೋದವರು ಬೇಗ ಬರಲಿಲ್ಲ.

ಅಷ್ಟರಲ್ಲಿ ಲಕ್ಷ್ಮಿ ಸೀರೆ ಉಜ್ಜಿಕೊಳ್ಳುತ್ತ ನನಗೆ ತೆಲುಗಿನಲ್ಲಿ ಹೇಳಿದಳು. "ತಪ್ಪು ನನ್ನದೇ ಅಕ್ಕಾ. ನಾನ್ನ ಮಹಾ ಶುಚಿ. ಷೆಡ್ಡಿಂದ ಬಂದ ಕೂಡಲೇ ಟವೆಲ್ ತಿಕ್ಕಿ ಒಗೆದು ಹಾಕೋರು, ಒಂದು ಕಲೆ ಉಳಿಸ್ತಿರಲಿಲ್ಲ. ಅವರು ಹೋದ ಮೇಲೆ ಅದು ನಮ್ಮ ಮನೆಯವರ ಸ್ಕೂಟರ್ ಒರೆಸೋಕೆ ಹೋಯ್ತು. ಬಾಬಾಯ್ ಹೇಗೂ ಕುದಿಸ್ತಾರಲ್ಲ ಅಂತ ಹಾಗೇ ಕಳಿಸಿಬಿಟ್ಟೆ."

ವಾಪಸು ಬಂದ ಮೇಲೆ ಕಾಕಾ ಲೇತ್ ಮುಟ್ಟಲಿಲ್ಲ. ಅಂಗಿಯ ತೋಳು ಉಜ್ಜುವುದನ್ನೂ ಬಿಟ್ಟರು. ಆ ಸ್ಕೂಟರಿನ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ನಕ್ಕು ಮತ್ತೆ ಕೆಲಸ ಹಚ್ಚುವರು ಎಂದು ಒಂದು ದಿನ ಅನಿಸಿದರೆ, ಕುಸಿದೇ ಹೋಗುವರು ಎಂದು ಇನ್ನೊಂದು ದಿನ ಅನಿಸುತ್ತಿತ್ತು. ಮೈಸೂರಿಗೆ ವರ್ಗವಾದಾಗ, ಇನ್ನು ತಡ ಮಾಡಬಾರದೆಂದು ಗಟ್ಟಿ ಮನಸ್ಸು ಮಾಡಿ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಒಳಗಿಂದ ಪೆನ್ನಿನ ಒಂದು ಚೂರು ತಂದು ಬೆಳಕಿಗೆ ಹಿಡಿದರು. ಅದರಲ್ಲೊಂದು ಕಪ್ಪು ಕಲೆ.

"ನೋಡಿಲ್ಲೆ ತಂಗಿ, ಮಾಸ್ತರ ಹೆಬ್ಬಟ್ಟು. ಲಕ್ಷ್ಮೀಗೆ ಕೊಡಾಕ ಆಗಲಿಲ್ಲ, ಅದೊಂದು ಸಂಕಟ ಐತಿ. ಆದ್ರ ಅವರ ಕೈಯಂತೂ ನನ್ನ ಹಂತ್ಯಾಕ ಉಳೀತು."

ಅವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ನೆಮ್ಮದಿ ಕಂಡಿತು. ಚಹಾ ಕುಡಿದು, ಕಾಲು ಮುಟ್ಟಿ ನಮಸ್ಕರಿಸಿ ಬಂದುಬಿಟ್ಟೆ.

ಮರುವರ್ಷ ಗಿರಿಜಾ ಕಾಕು ಮೊಬೈಲಿಗೆ ಫೋನು ಮಾಡಿ ಅತ್ತರು. ಕಾಕಾನನ್ನು ಗದಗಿಗೆ ಒಯ್ದು ಅವರ ಹೊಲದಲ್ಲೇ ಮಣ್ಣು ಮಾಡಿದ್ದರಂತೆ. "ಎಡಗೈಯಾಗ ಲಿಂಗ ಇಟ್ವಿ ಬೇ. ಬಲಗೈಯಾಗ ಆ ಚೂರು ಇಟ್ಟೆ, ಮಾಸ್ತರ ಹೆಬ್ಬಟ್ಟು ಇದ್ದದ್ದು. ಛಲೋ ಆತಿಲ್ಲೋ?"

"ಒಳ್ಳೆಯದು ಮಾಡಿದಿರಿ ಕಾಕು" ಎಂದೆ.